ಭಾನುವಾರದ ಖಾತೆ, ಸೋಮವಾರದ ಖಾತೆ

ಕೆಲವು ತಿಂಗಳುಗಳ ಹಿಂದೆ ನಮ್ಮ ಬಡಾವಣೆಯ ದೇವಸ್ಥಾನದ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳನ್ನು ಸಭೆಗೆ ಪರಿಚಯ ಮಾಡಿಕೊಡುವ ಕೆಲಸ, ಅದಕ್ಕೆಂದು ಗೊತ್ತಾಗಿದ್ದ ನಿವೃತ್ತ ಉಪಾಧ್ಯಾಯರಿಗೆ ನೆಗಡಿಯಾಗಿ ಧ್ವನಿ ಬಿದ್ದುಹೋದುದರಿಂದ, ನನ್ನ ಪಾಲಿಗೆ ಬಂದಿತು. ಅತಿಥಿಗಳು ಒಂದು ದೊಡ್ಡ ಉದ್ಯಮಸಂಸ್ಥೆಯ ಉನ್ನತಾಧಿಕಾರಿ. ಅವರ ಕಚೇರಿಯಿಂದ ಬಂದಿದ್ದ ಒಂದೂವರೆ ಪುಟದ ಪರಿಚಯಪತ್ರದಲ್ಲಿ ಮೂರು ವಿಭಾಗಗಳಿದ್ದುವು. ಮೊದಲನೆಯದರಲ್ಲಿ ನಾಯಕತ್ವ, ಕಾರ್ಯತಂತ್ರ, ವೆಚ್ಚನಿಯಂತ್ರಣ ಮೊದಲಾದ ವೃತ್ತಿಕೌಶಲಗಳು. ಎರಡನೆಯದರಲ್ಲಿ ಚಾರಣ, ಛಾಯಾಗ್ರಹಣ, ಸಂಗೀತ ಎಂಬ ಹವ್ಯಾಸಗಳು. ಮೂರನೆಯದರಲ್ಲಿ, ವಾರಕ್ಕೊಮ್ಮೆ ಒಂದು ಮಠದ ದಾಸೋಹದಲ್ಲಿ ನಿಂತು ಬಡಿಸುವ ಸೇವೆ. ನಾನು ಓದಿದೆನು. ಮೊದಲನೆಯದಕ್ಕೆ ಸಭೆ ಸುಮ್ಮನಿತ್ತು. ಎರಡನೆಯದಕ್ಕೆ ಕೆಲವರು ತಲೆದೂಗಿದರು. ಮೂರನೆಯದಕ್ಕೆ ಚಪ್ಪಾಳೆ ಬಿದ್ದಿತು. ಕುಳಿತುಕೊಂಡು ಕಾಗದವನ್ನು ಮಡಿಸುತ್ತಿರುವಾಗ ಒಂದು ಸಂಗತಿ ಹೊಳೆಯಿತು: ಅವರ ಸಂಸ್ಥೆ ಏನನ್ನು ತಯಾರಿಸಿ ಯಾರಿಗೆ ಮಾರುತ್ತದೆಂಬುದು ಆ ಒಂದೂವರೆ ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ಉದ್ಯಮಾಧಿಕಾರಿಯ ಪರಿಚಯದಲ್ಲಿ ಸೇವೆಯದೊಂದು ಸಾಲು ಇರಬೇಕೆಂಬುದು ಈಗ ಬಹುಮಟ್ಟಿಗೆ ಶಿಷ್ಟಾಚಾರವೇ ಆಗಿದೆ. ಅದನ್ನು ಕೇಳುವವರಲ್ಲಿ ಎರಡು ಪಂಗಡ. ದೇವರ ಸನ್ನಿಧಿಯಲ್ಲಿ ಸೌಟು ಹಿಡಿದ ಕೈ ಕಚೇರಿಯಲ್ಲಿಯೂ ಶುದ್ಧವಾಗಿಯೇ ಇರಬೇಕೆಂದು ನಂಬಿ, ಮೂರನೆಯ ವಿಭಾಗವನ್ನು ಮೊದಲನೆಯದಕ್ಕೆ ಕೊಟ್ಟ ಯೋಗ್ಯತಾಪತ್ರವೆಂದು ಎಣಿಸುವವರು ಕೆಲವರು; ಅದೆಲ್ಲ ಬಿರುಕನ್ನು ಮುಚ್ಚುವ ಸುಣ್ಣಬಣ್ಣವೆಂದು ನಗುವವರು ಕೆಲವರು. ಎರಡೂ ಅವಸರದ ತೀರ್ಮಾನಗಳೆಂದು ನನಗೆ ತೋರುತ್ತದೆ. ಮೂರು ವಿಭಾಗಗಳೂ ಸವಿವರವಾಗಿ ದಾಖಲಾಗಿರುವ, ಕಾಲ ಸಾಕಷ್ಟು ಕಳೆದು ರಾಗದ್ವೇಷಗಳು ತಣ್ಣಗಾಗಿರುವ ಒಬ್ಬ ಉದ್ಯಮಿಯ ಬಾಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರೀಕ್ಷಿಸುವುದು ಲೇಸು. ಅಂತಹವನು ಅಮೆರಿಕದ ಎಣ್ಣೆ ಉದ್ಯಮಿ ಜಾನ್ ಡಿ. ರಾಕ್‌ಫೆಲರ್.

ಆತನು ಹುಟ್ಟಿದುದು 1839ರಲ್ಲಿ. ತಂದೆ ಊರೂರು ಅಲೆದು, ಎಲ್ಲ ರೋಗಕ್ಕೂ ಇದೊಂದೇ ಮದ್ದೆಂದು ಸೀಸೆಗಳನ್ನು ಮಾರುತ್ತಿದ್ದ ಮಾತಿನಮಲ್ಲ. ತಾಯಿ ನಿಷ್ಠುರ ದೈವಭಕ್ತಿಯ ಬ್ಯಾಪ್ಟಿಸ್ಟ್ ಹೆಂಗಸು. ಮಗನು ಲೆಕ್ಕ ಬರೆಯುವ ವಿದ್ಯೆಯನ್ನು ಕೆಲವು ತಿಂಗಳು ಕಲಿತು, ಬೇಸಗೆಯ ಬಿಸಿಲಿನಲ್ಲಿ ವಾರಗಟ್ಟಲೆ ಕ್ಲೀವ್‌ಲ್ಯಾಂಡ್ ನಗರದ ಅಂಗಡಿ ಮಂಡಿಗಳ ಮೆಟ್ಟಿಲು ಹತ್ತಿ ಇಳಿದು, 1855ರ ಸೆಪ್ಟೆಂಬರ್ 26ರಂದು, ಹದಿನಾರನೆಯ ವಯಸ್ಸಿನಲ್ಲಿ, ಒಂದು ದಳ್ಳಾಳಿ ಮಂಡಿಯಲ್ಲಿ ಗುಮಾಸ್ತೆಯಾದನು. ಜನ್ಮದಿನಕ್ಕಿಂತ ಆ ದಿನವೇ ದೊಡ್ಡದೆಂದು ಭಾವಿಸಿ ಜೀವಮಾನವಿಡೀ ಅದನ್ನು ಹಬ್ಬವಾಗಿ ಆಚರಿಸಿದನು. ಮೊದಲ ಮೂರು ತಿಂಗಳಿಗೆ ಸಿಕ್ಕ ಸಂಬಳ ಐವತ್ತು ಡಾಲರು. ಬೇರೆಯವರು ಕಣ್ಣು ಹಾಯಿಸಿ ಸಹಿ ಹಾಕುತ್ತಿದ್ದ ಬಿಲ್ಲುಗಳನ್ನು ಆತ ಸಾಲು ಸಾಲಾಗಿ ತಾಳೆ ನೋಡುತ್ತಿದ್ದನು. ಕೆಲವು ಸೆಂಟುಗಳ ತಪ್ಪು ಸಿಕ್ಕಿದರೂ ಬಿಡುತ್ತಿರಲಿಲ್ಲ. ಸ್ವಂತಕ್ಕೆಂದು ಇಟ್ಟ ಸಣ್ಣ ಲೆಕ್ಕದ ಪುಸ್ತಕಕ್ಕೆ ‘ಲೆಜರ್ ಎ’ ಎಂದು ಹೆಸರಿಟ್ಟು, ಊಟ ಬಟ್ಟೆಗಳ ಖರ್ಚಿನ ಪಕ್ಕದಲ್ಲಿಯೇ ದಾನದ ಖರ್ಚನ್ನೂ ಬರೆದನು: ಭಾನುವಾರದ ಪಾಠಶಾಲೆಗೆ ಇಷ್ಟು ಸೆಂಟು, ಬಡವರೊಬ್ಬರಿಗೆ ಇಷ್ಟು. 1859ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಗುಲಾಮಳಾಗಿದ್ದ ಹೆಂಡತಿಯನ್ನು ಹಣ ತೆತ್ತು ಬಿಡಿಸಿಕೊಳ್ಳಬೇಕಾಗಿದ್ದ ಒಬ್ಬ ಕರಿಯ ಮನುಷ್ಯನಿಗೆ ಕೊಟ್ಟ ಹಣದ ನಮೂದೂ ಆ ಪುಸ್ತಕದಲ್ಲಿದೆ. ಐಶ್ವರ್ಯ ಬಂದ ಮೇಲೆ ಕಲಿತ ದಾನವಲ್ಲ ಇದು. ಕೈಯಲ್ಲಿ ಹೆಚ್ಚೇನೂ ಇಲ್ಲದಾಗಲೇ ಆರಂಭವಾದುದು.

ದೇಹದಂಡನೆಯ ಸೇವೆಗೂ ಕೊರತೆಯಿರಲಿಲ್ಲ. ಈರೀ ಬೀದಿಯ ಪುಟ್ಟ ಬ್ಯಾಪ್ಟಿಸ್ಟ್ ಇಗರ್ಜಿಯಲ್ಲಿ ಆತ ಕಸ ಗುಡಿಸಿದನು, ದೀಪ ಹಚ್ಚಿದನು, ಬಂದವರಿಗೆ ಜಾಗ ತೋರಿಸಿದನು, ಕಡತ ಬರೆದನು. ಇಗರ್ಜಿಯ ಮೇಲಿದ್ದ ಎರಡು ಸಾವಿರ ಡಾಲರುಗಳ ಅಡಮಾನದ ಸಾಲ ತೀರದಿದ್ದರೆ ಬಾಗಿಲು ಮುಚ್ಚಬೇಕಾದೀತೆಂದು ಒಂದು ಭಾನುವಾರ ವೇದಿಕೆಯಿಂದ ಪ್ರಕಟವಾದಾಗ, ಈ ತರುಣನು ಪ್ರಾರ್ಥನೆ ಮುಗಿಯುತ್ತಲೇ ಬಾಗಿಲಲ್ಲಿ ನಿಂತು, ಹೊರಗೆ ಹೋಗುತ್ತಿದ್ದ ಒಬ್ಬೊಬ್ಬರನ್ನೂ ತಡೆದು, ಎಷ್ಟು ಕೊಡುತ್ತೀರೆಂದು ಕೇಳಿ, ಅವರ ಹೆಸರನ್ನೂ ಮೊಬಲಗನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡನು, ತಿಂಗಳುಗಳ ಕಾಲ ಹಿಂದೆ ಬಿದ್ದು ವಸೂಲು ಮಾಡಿದನು, ಸಾಲ ತೀರಿತು. ಚಂದಾ ಎತ್ತಿ ಬಲ್ಲವರಿಗೆ ಇದರ ಕಷ್ಟ ಗೊತ್ತು. ಒಪ್ಪಿಕೊಳ್ಳುವವರು ನೂರು ಜನ, ಕೊಡುವವರು ಹತ್ತು. ಬಾಕಿ ತೊಂಬತ್ತು ಜನರ ಮನೆಗೆ ಮತ್ತೆ ಮತ್ತೆ ಹೋಗುವ ತಾಳ್ಮೆಗೆ ಭಕ್ತಿಯೊಂದೇ ಸಾಲದು, ವ್ಯಾಪಾರದ ಚರ್ಮವೂ ಬೇಕು.

ವೃತ್ತಿಕೌಶಲವೆಂಬುದು ಆತನಲ್ಲಿ ಎಂತಹದಿತ್ತೆಂಬುದಕ್ಕೆ, ಆತನೇ ತನ್ನ ನೆನಪುಗಳಲ್ಲಿ ಹೇಳಿಕೊಂಡಿರುವ ಒಂದು ಸಂಗತಿ ಸಾಕು. ರಫ್ತಿನ ಸೀಮೆಎಣ್ಣೆಯ ಐದು ಗ್ಯಾಲನ್ ಡಬ್ಬಗಳಿಗೆ ಮುಚ್ಚಳ ಬೆಸೆಯುವ ಯಂತ್ರದ ಮುಂದೆ ನಿಂತು, ಒಂದು ಡಬ್ಬಕ್ಕೆ ಎಷ್ಟು ತೊಟ್ಟು ಬೆಸುಗೆ ಬೀಳುತ್ತದೆಂದು ಕೇಳಿದನು. ನಲವತ್ತು ಎಂದರು. ಮೂವತ್ತೆಂಟರಲ್ಲಿ ಮಾಡಿ ನೋಡಿ ಎಂದನು. ಕೆಲವು ಡಬ್ಬಗಳು ಸೋರಿದುವು. ಮೂವತ್ತೊಂಬತ್ತರಲ್ಲಿ ಒಂದೂ ಸೋರಲಿಲ್ಲ. ಆ ಒಂದು ತೊಟ್ಟಿನಿಂದ ಮೊದಲ ವರ್ಷವೇ ಎರಡೂವರೆ ಸಾವಿರ ಡಾಲರು ಉಳಿಯಿತು. ಅಂತಹ ಡಬ್ಬಗಳು ಪೂರ್ವದೇಶಗಳಿಗೆಲ್ಲ ಹರಡಿದುವು. ನಮ್ಮ ಅಜ್ಜಿಯರು ಎಣ್ಣೆ ತೀರಿದ ಮೇಲೆ ಹಿಡಿ ಹಾಕಿಸಿ ನೀರು ಸೇದುತ್ತಿದ್ದ, ಬಾಯಿ ಕೊಯ್ಸಿ ಅಕ್ಕಿ ತುಂಬುತ್ತಿದ್ದ ‘ಸೀಮೆಎಣ್ಣೆ ಡಬ್ಬ’ ಅದೇ ವಂಶದ್ದು.

ಹವ್ಯಾಸಗಳ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ವೇಗದ ಕುದುರೆಗಳನ್ನು ಗಾಡಿಗೆ ಕಟ್ಟಿ ಓಡಿಸುವುದು, ಬೆಳೆದು ನಿಂತ ಮರಗಳನ್ನು ಬೇರುಸಹಿತ ಕಿತ್ತು ಬೇರೆಡೆ ನೆಡಿಸುವುದು, ಅರುವತ್ತರ ಹೊಸ್ತಿಲಲ್ಲಿ ಹಿಡಿದ ಗಾಲ್ಫ್. ಆಟದಲ್ಲಿಯೂ ಗುಮಾಸ್ತೆ ಬಿಟ್ಟಿರಲಿಲ್ಲ: ಒಂದು ಹೊಡೆತದಿಂದ ಇನ್ನೊಂದಕ್ಕೆ ನಡೆದು ದಣಿಯಬಾರದೆಂದು ನಡುವಿನ ದೂರವನ್ನು ಬೈಸಿಕಲ್ಲಿನಲ್ಲಿ ಕ್ರಮಿಸುತ್ತಿದ್ದನು.

ಇನ್ನು ಸೋಮವಾರದ ಖಾತೆ. ಆತನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1870ರ ಜನವರಿಯಲ್ಲಿ ಹತ್ತು ಲಕ್ಷ ಡಾಲರು ಬಂಡವಾಳದಿಂದ ಆರಂಭವಾಯಿತು. ಎರಡು ವರ್ಷದಲ್ಲಿ ಸ್ಟ್ಯಾಂಡರ್ಡೂ ಸೇರಿದ್ದ ಎಣ್ಣೆ ಉದ್ಯಮಿಗಳ ಕೂಟವೊಂದಕ್ಕೂ ರೈಲ್ವೆಗಳಿಗೂ ನಡುವೆ ಒಂದು ಗುಪ್ತ ಒಪ್ಪಂದ ಸಿದ್ಧವಾಯಿತು. ಕೂಟದ ಎಣ್ಣೆಯ ಸಾಗಣೆಗೆ ರೈಲ್ವೆಯವರು ರಿಯಾಯಿತಿ ಕೊಡಬೇಕೆಂಬುದು ಅದರ ಒಂದು ಭಾಗ. ಪ್ರತಿಸ್ಪರ್ಧಿಗಳು ತಮ್ಮ ಎಣ್ಣೆಗೆ ತೆರುವ ಬಾಡಿಗೆಯಲ್ಲಿಯೂ ಒಂದು ಪಾಲು ಈ ಕೂಟಕ್ಕೇ ಬರಬೇಕೆಂಬುದು ಇನ್ನೊಂದು. ನೆರೆಯವನು ಗಾಡಿ ಹೂಡಿದಷ್ಟೂ ನನ್ನ ಪೆಟ್ಟಿಗೆ ತುಂಬುವ ಏರ್ಪಾಡು! ಸುದ್ದಿ ಹೊರಬಿದ್ದು ಜನ ರೊಚ್ಚಿಗೆದ್ದುದರಿಂದ ಒಪ್ಪಂದವೇನೋ ಜಾರಿಗೆ ಬರುವ ಮೊದಲೇ ಮುರಿಯಿತು. ಆದರೆ ಅದರ ನೆರಳು ಬಿದ್ದಿದ್ದ ಕೆಲವೇ ವಾರಗಳಲ್ಲಿ ಕ್ಲೀವ್‌ಲ್ಯಾಂಡಿನ 26 ಶುದ್ಧೀಕರಣ ಕಾರ್ಖಾನೆಗಳ ಪೈಕಿ 22 ಸ್ಟ್ಯಾಂಡರ್ಡಿನ ವಶವಾಗಿದ್ದುವು. ಆ ವಾರಗಳ ಭಾನುವಾರಗಳಲ್ಲಿಯೂ ಆತ ಇಗರ್ಜಿಗೆ ಹೋಗುತ್ತಿದ್ದನು, ಮುಂದೆ ದಶಕಗಳ ಕಾಲ ಮಕ್ಕಳ ಪಾಠಶಾಲೆಯ ಮೇಲ್ವಿಚಾರಣೆ ನೋಡಿದನು.

ಇದನ್ನು ಬೂಟಾಟಿಕೆಯೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಹಾಗೆನಿಸುವುದಿಲ್ಲ. ಬೂಟಾಟಿಕೆಯವನು ಎರಡು ಪುಸ್ತಕ ಇಡುತ್ತಾನೆ. ಈತನು ಇಟ್ಟಿದ್ದುದು ಒಂದೇ. ಅಡಮಾನದ ಸಾಲಕ್ಕಾಗಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹಿಡಿದು ಒಪ್ಪಿಸಿದವನೂ, ಕಾರ್ಖಾನೆಯ ಯಜಮಾನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಲೆಕ್ಕಪತ್ರ ತೋರಿಸಿ ಮಾರಾಟಕ್ಕೆ ಒಪ್ಪಿಸಿದವನೂ ಒಬ್ಬನೇ. ಅದೇ ತಾಳ್ಮೆ, ಅದೇ ಮೆಲುದನಿ, ಅದೇ ಪುಟ್ಟ ಪುಸ್ತಕ. ಕೌಶಲ ಭಕ್ತಿಗೂ ದುಡಿಯಿತು, ದುರಾಶೆಗೂ ದುಡಿಯಿತು. ಹಣ ದೇವರು ಕೊಟ್ಟದ್ದೆಂದು ಆತ ಮನಃಪೂರ್ವಕ ನಂಬಿದ್ದನು. ಕೊಟ್ಟ ರೈಲ್ವೆಯವರನ್ನು ಮಾತ್ರ ಆ ನಂಬಿಕೆಯಲ್ಲಿ ಸೇರಿಸಿರಲಿಲ್ಲ.

ಪತ್ರಕರ್ತೆ ಐಡಾ ಟಾರ್ಬೆಲ್ 1902ರಿಂದ ಎರಡು ವರ್ಷ ಮಾಸಪತ್ರಿಕೆಯೊಂದರಲ್ಲಿ ಸ್ಟ್ಯಾಂಡರ್ಡಿನ ಚರಿತ್ರೆಯನ್ನು ಕಂತುಕಂತಾಗಿ ಬರೆದು ಈ ಸೋಮವಾರದ ಖಾತೆಯನ್ನು ಜಗತ್ತಿನ ಮುಂದೆ ತೆರೆದಳು. ಆಕೆಯ ತಂದೆ ಪೆನ್ಸಿಲ್ವೇನಿಯಾದ ಎಣ್ಣೆಸೀಮೆಯಲ್ಲಿ ಈ ಕೂಟದ ಏಟು ತಿಂದವರಲ್ಲಿ ಒಬ್ಬ. ರಾಕ್‌ಫೆಲರನನ್ನು ಕಣ್ಣಾರೆ ನೋಡಬೇಕೆಂದು ಆಕೆ 1903ರ ಒಂದು ಭಾನುವಾರ ಆತನ ಇಗರ್ಜಿಗೇ ಹೋಗಿ ಕುಳಿತಳು. 1905ರಲ್ಲಿ ಕ್ರೈಸ್ತ ಮಿಷನ್ ಮಂಡಲಿಯೊಂದಕ್ಕೆ ಆತನು ಒಂದು ಲಕ್ಷ ಡಾಲರು ಕೊಟ್ಟಾಗ, ಪಾದ್ರಿ ವಾಷಿಂಗ್ಟನ್ ಗ್ಲ್ಯಾಡನ್, ಇದು ಕಳಂಕಿತ ಧನ, ಹಿಂದಿರುಗಿಸಿರೆಂದು ಗುಡುಗಿದನು. ದಾನವನ್ನು ಬೇಡಿ ತಂದವರು ಮಂಡಲಿಯವರೇ ಎಂಬುದು ಆಮೇಲೆ ತಿಳಿದು ಗುಡುಗು ಕೊಂಚ ಪೆಚ್ಚಾಯಿತು.

ದಾನ ಎಲ್ಲಿಂದ ಬಂದಿತೆಂಬ ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮನು ಪಾತ್ರೆಗೆ ಕೈಯಿಡದೆ, ಈಸಕ್ಕಿ ಎಲ್ಲಿಂದ ಬಂದಿತೆಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳೆಂಬುದು ಶರಣರ ಕಥೆ. ಅಕ್ಕಿ ಕದ್ದುದೂ ಅಲ್ಲ, ಕಿತ್ತುದೂ ಅಲ್ಲ, ಹೆಚ್ಚು, ಅಷ್ಟೆ. ಗ್ಲ್ಯಾಡನ್ನನೂ ಇಂತಹದೇ ಪ್ರಶ್ನೆ ಕೇಳಿದನು, ಆದರೆ ದಾನ ಬಂದು ಹುಂಡಿಗೆ ಬಿದ್ದ ಮೇಲೆ, ದಾನಿಯ ಮನೆಯ ಹೊರಗೆ ನಿಂತು ಕೇಳಿದನು. ಲಕ್ಕಮ್ಮ ಒಲೆಯ ಮುಂದೆ, ಎಸರು ಕುದಿಯುತ್ತಿರುವಾಗ ಕೇಳಿದಳು. ಕಾಯಕ ಮೊದಲು, ದಾಸೋಹ ಆಮೇಲೆ ಎಂಬ ಆ ಕ್ರಮವನ್ನು ನಮ್ಮ ಪರಿಚಯಪತ್ರಗಳು ತಲೆಕೆಳಗು ಮಾಡಿಕೊಂಡಿವೆ.

ಹಾಗೆಂದು ರಾಕ್‌ಫೆಲರನ ಹಣದಿಂದ ಒಳಿತಾಗಲಿಲ್ಲವೆಂದರೆ ಕೃತಘ್ನತೆಯಾದೀತು. ಮಲೆನಾಡಿನವರಂತೂ ಹಾಗೆ ಹೇಳುವಂತಿಲ್ಲ. 1913ರಲ್ಲಿ ಸ್ಥಾಪಿತವಾದ ರಾಕ್‌ಫೆಲರ್ ಪ್ರತಿಷ್ಠಾನವು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೊಡನೆ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನ ಕೇಂದ್ರವನ್ನು ತೆರೆಯಿತು. ಐದು ವರ್ಷದ ಮೇಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸೊಪ್ಪು ಸೌದೆಗೆ ಹೋದವರು ಜ್ವರದಿಂದ ಮಲಗಿದಾಗ, ‘ಮಂಗನ ಕಾಯಿಲೆ’ಯ ವೈರಸ್ಸನ್ನೂ ಅದನ್ನು ಹರಡುವ ಉಣ್ಣೆಯನ್ನೂ ಪತ್ತೆಹಚ್ಚಿದುದು ಆ ಕೇಂದ್ರದ ತಂಡವೇ. ಕ್ಲೀವ್‌ಲ್ಯಾಂಡಿನಲ್ಲಿ ಅಂಗಡಿ ಮುಚ್ಚಿದ ಎಣ್ಣೆ ವ್ಯಾಪಾರಿಗೆ ಮಾತ್ರ ಇದರಿಂದ ಏನೂ ಮರಳಿ ಬರಲಿಲ್ಲ. ಒಬ್ಬರಿಗೆ ಕೊಡಬೇಕಾದ ಬಾಕಿಯನ್ನು ಇನ್ನೊಬ್ಬರಿಗೆ ಕೊಟ್ಟ ದಾನದಿಂದ ವಜಾ ಹಾಕಿಕೊಳ್ಳುವುದಕ್ಕೆ ಯಾವ ಲೆಕ್ಕಿಗನೂ ಒಪ್ಪನು. ಹದಿನಾರು ವರ್ಷದ ಆ ಗುಮಾಸ್ತೆ ಮೊದಲೇ ಒಪ್ಪುತ್ತಿರಲಿಲ್ಲ.

ನಮ್ಮ ಶಾಸನ ಈ ವಿಷಯದಲ್ಲಿ ಅರ್ಧ ವಿವೇಕ ತೋರಿಸಿದೆ. 2013ರ ಕಂಪನಿ ಕಾಯಿದೆಯ 135ನೆಯ ಸೆಕ್ಷನ್ನಿನಂತೆ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯವೋ, 1000 ಕೋಟಿ ವಹಿವಾಟೋ, 5 ಕೋಟಿ ನಿವ್ವಳ ಲಾಭವೋ ಉಳ್ಳ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. ನೌಕರರು ಪುಕ್ಕಟೆಯಾಗಿ ಸಲ್ಲಿಸಿದ ಸೇವೆಗೆ ರೂಪಾಯಿಯ ಬೆಲೆ ಕಟ್ಟಿ ಅದರಲ್ಲಿ ತೋರಿಸುವಂತಿಲ್ಲವೆಂದು ಸರ್ಕಾರ ಸ್ಪಷ್ಟಪಡಿಸಿದೆ. ಸೌಟು ಹಿಡಿದ ಕೈಗೆ ಬೆಲೆ ಕಟ್ಟದಿದ್ದುದು ಸರಿಯೇ. ಆದರೆ ಲಾಭದ ಎರಡು ಪಾಲನ್ನು ಎಣಿಸುವ ಈ ಸೆಕ್ಷನ್ನು, ಉಳಿದ ತೊಂಬತ್ತೆಂಟು ಪಾಲು ಹೇಗೆ ಬಂದಿತೆಂದು ಕೇಳುವುದಿಲ್ಲ. ಇನ್ನೂ ಒಂದು ಕೊರತೆ ನಮ್ಮ ದೇವಸ್ಥಾನ ಮಠಗಳದು: ಇಂತಹ ಅಧಿಕಾರಿಗಳು ಸೇವೆಗೆಂದು ಬಂದರೆ ಅವರಿಗೆ ಬಕೆಟ್ಟು ಕೊಟ್ಟು ಛಾಯಾಚಿತ್ರ ತೆಗೆಯುತ್ತೇವೆಯೇ ಹೊರತು, ಅವರು ನಿಜವಾಗಿ ಬಲ್ಲ ವಿದ್ಯೆಯನ್ನು ಕೇಳುವುದಿಲ್ಲ. ಬಡಿಸುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಅಕ್ಕಿ ಖರೀದಿಯ ದರಪಟ್ಟಿ ಓದಬಲ್ಲವರು ಅಪರೂಪ.

ಅಂದು ಸಭೆಯ ಮೇಲೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತಿದ್ದ ಮುಖ್ಯ ಅತಿಥಿಗಳು, ಎಲೆಗೆ ಪಲ್ಯ ಬೀಳುವಷ್ಟರಲ್ಲಿ ಕಾರ್ಯದರ್ಶಿಗಳನ್ನು ಕರೆದು, ಅನ್ನದಾನದ ಖರ್ಚಿನ ಪುಸ್ತಕವನ್ನು ಸುಮ್ಮನೆ ನೋಡಬಹುದೇ ಎಂದು ಕೇಳಿದರು. ತರಿಸಿಕೊಂಡು ಎಡಗೈಯಿಂದ ಹಾಳೆ ಮಗುಚಿದರು. 12 ಮೂಟೆ ಅಕ್ಕಿ ಎಂದು ಬರೆದಿದ್ದ ಕಡೆ ಬೆರಳು ನಿಂತಿತು. “ಮೂಟೆ ಅಂದರೆ 25 ಕಿಲೋದ್ದೋ, 50ರದ್ದೋ?” ಕಾರ್ಯದರ್ಶಿಗಳು ಅಂಗಡಿಯವರನ್ನು ಕೇಳಬೇಕೆಂದರು, ಮುಖ ಸ್ವಲ್ಪ ಸಣ್ಣದಾಯಿತು. ಸಾರಿನ ಪಾತ್ರೆ ಹಿಡಿದು ಬಂದಿದ್ದ ಅಡಿಗೆಯ ಹಿರಿಯ ಹೆಂಗಸು ಅಲ್ಲಿಯೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. “ಇಷ್ಟು ವರ್ಷಕ್ಕೆ ಲೆಕ್ಕ ಕೇಳೋರು ಒಬ್ಬರು ಬಂದ್ರಲ್ಲ” ಎಂದು ಸಂತೋಷಪಟ್ಟು, ಸಾರು ಬಡಿಸುತ್ತ, “ನಿಮ್ಮ ಕಂಪ್ನೀಲೂ ಹಿಂಗೇ ಕೇಳ್ತೀರಾ ಸ್ವಾಮಿ?” ಎಂದಳು. ಅವರು ನಕ್ಕರು. ಏನೋ ಹೇಳಿದರು ಕೂಡ. ಅಷ್ಟರಲ್ಲಿ ಪಾಯಸದ ಬಕೆಟ್ಟು ನಮ್ಮ ಪಂಕ್ತಿಗೆ ಬಂದು, ಆ ಗಲಾಟೆಯಲ್ಲಿ ನನಗೆ ಕೇಳಿಸಲಿಲ್ಲ.