ಫೋನಿನ ಪರದೆ ಇನ್ನೂ ಹಿಗ್ಗಬೇಕೆ, ಮೈ ಇನ್ನೂ ಸೊರಗಬೇಕೆ?

2007ರಲ್ಲಿ ಬಂದ ಮೊದಲ ಐಫೋನಿನ ಪರದೆ 3.5 ಇಂಚು, ದಪ್ಪ 11.6 ಮಿಲಿಮೀಟರ್. 2025ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ ಏರ್‌ನ ಪರದೆ 6.5 ಇಂಚು, ದಪ್ಪ 5.6 ಮಿಲಿಮೀಟರ್. ಅದೇ ವರ್ಷದ ಮೇ ತಿಂಗಳಲ್ಲಿ ಸ್ಯಾಮ್‌ಸಂಗ್ ಬಿಟ್ಟ ಎಸ್25 ಎಡ್ಜ್ 6.7 ಇಂಚು, 5.8 ಮಿಲಿಮೀಟರ್. ಹದಿನೆಂಟು ವರ್ಷಗಳಲ್ಲಿ ಪರದೆ ಹೆಚ್ಚುಕಡಿಮೆ ಇಮ್ಮಡಿಯಾಯಿತು, ದಪ್ಪ ಅರ್ಧಕ್ಕಿಳಿಯಿತು. ಈ ಓಟ ಹೀಗೇ ಮುಂದುವರಿಯಬೇಕೆ?

ಪ್ರಶ್ನೆಯನ್ನು ಬೆಂಗಳೂರಿನ ಶೋರೂಮಿನಲ್ಲಿ ನಿಂತು ಕೇಳಿದರೆ ಒಂದು ಉತ್ತರ ಬರುತ್ತದೆ. ಹುಣಸೂರು ತಾಲ್ಲೂಕಿನ ಹನಗೋಡಿನಲ್ಲಿ ನಿಂತು ಕೇಳಿದರೆ ಬೇರೆಯದೇ ಬಂದೀತು. ಒಂದು ಕಡೆ ಲಕ್ಷ್ಮಣತೀರ್ಥದ ಅಣೆಕಟ್ಟೆಯ ನೀರುಣ್ಣುವ ಗದ್ದೆ, ಇನ್ನೊಂದು ಕಡೆ ಹೊಗೆಸೊಪ್ಪು, ಶುಂಠಿ, ಮುಸುಕಿನ ಜೋಳದ ಹೊಲ, ಅದರಾಚೆ ನಾಗರಹೊಳೆಯ ಕಾಡಂಚು. ಇಲ್ಲಿ ಫೋನು ಕಚೇರಿಯೂ ಹೌದು, ಬ್ಯಾಂಕೂ ಹೌದು, ರಾತ್ರಿ ಹೊತ್ತು ಟಾರ್ಚೂ ಹೌದು. ಎರಡೂ ಕಡೆಯ ವಾದವನ್ನು ಇಲ್ಲಿಯ ಬದುಕಿಗೆ ಒರೆ ಹಚ್ಚಿ ನೋಡೋಣ.

ಪರ: ಕಣ್ಣಿಗೆ ಕಾಣದ ಮೇಲೆ ಫೋನು ಇದ್ದೇನು ಪ್ರಯೋಜನ?

ದೊಡ್ಡ ಪರದೆ ಶೋಕಿಗೆ ಎನ್ನುವವರು ಹತ್ತು ವರ್ಷ ಹಿಂದಿನ ಫೋನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ. ಆಗ ಫೋನು ಮಾತಾಡಲಿಕ್ಕಿತ್ತು. ಈಗ ನಾಡಕಚೇರಿಯ ಅರ್ಧ ಕೆಲಸ ಅದರೊಳಗೆ ಬಂದು ಕೂತಿದೆ. 2020ರಿಂದ ರೈತ ತಾನೇ ಬೆಳೆ ಸಮೀಕ್ಷೆ ಮಾಡಿ ಅಪ್‌ಲೋಡ್ ಮಾಡಬಹುದು. ಹೊಲದಲ್ಲಿ ನಿಂತು ಸರ್ವೆ ನಂಬರು, ಹಿಸ್ಸಾ ಆರಿಸಿ, ನಕ್ಷೆಯಲ್ಲಿ ತನ್ನ ಗಡಿ ನೋಡಿ, ಬೆಳೆ ನಮೂದಿಸಿ, ಫೋಟೊ ತೆಗೆಯಬೇಕು. ಸರ್ವೆ ನಂಬರು ಹುಡುಕಲು ದಿಶಾಂಕ್ ಆ್ಯಪ್ ಇದೆ. ಅಂಗನವಾಡಿ ಕಾರ್ಯಕರ್ತೆಗೆ 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ನರೇಗಾ ಕೂಲಿಯ ಹಾಜರಿಯನ್ನು ಫೋನಿನಲ್ಲೇ ಫೋಟೊ ಸಮೇತ ಹಾಕಬೇಕೆಂದು 2023ರ ಜನವರಿಯಲ್ಲಿ ಕಡ್ಡಾಯವಾಯಿತು. ಪುಟ್ಟ ಪರದೆಯ ನಕ್ಷೆಯ ಮೇಲೆ ಬೆರಳಿಟ್ಟರೆ ಅಕ್ಕಪಕ್ಕದ ಹಿಸ್ಸಾಗಳೆಲ್ಲ ಬೆರಳಿನಡಿ ಮುಚ್ಚಿಹೋಗುತ್ತವೆ. ಒಂದು ಹಿಸ್ಸಾ ತಪ್ಪಿದರೆ ಬೆಳೆವಿಮೆ, ಪರಿಹಾರ ಎಲ್ಲಕ್ಕೂ ಅಲೆದಾಟ.

ಲೆಕ್ಕ ಹಾಕಿಯೇ ನೋಡಿ. ಎ4 ಹಾಳೆಯ ಅಗಲ 210 ಮಿಲಿಮೀಟರ್. ಹಳೆಯ ನಾಲ್ಕಿಂಚಿನ ಫೋನಿನ ಪರದೆಯ ಅಗಲ ಸುಮಾರು 50. ಅದರಲ್ಲಿ ಪಹಣಿಯ ಪಿಡಿಎಫ್ ತೆರೆದರೆ ಅಕ್ಷರ ಕಾಲು ಭಾಗಕ್ಕೂ ಕಡಿಮೆ ಆಗುತ್ತದೆ. ಇವತ್ತಿನ ಫೋನಿನ ಅಗಲ 70ರ ಆಸುಪಾಸು, ಹಾಗಾಗಿ ಮೂರನೇ ಒಂದಾದರೂ ಉಳಿಯುತ್ತದೆ. ನಲವತ್ತು ದಾಟಿ ಚಾಳೀಸು ಬಂದ ಕಣ್ಣಿಗೆ ಓದಲು ಆಗುವುದಕ್ಕೂ ಆಗದಿರುವುದಕ್ಕೂ ಇರುವ ಅಂತರ ಅಷ್ಟೇ. ಹಣ ಕಳಿಸುವಾಗ ಒಂದು ಸೊನ್ನೆ ಹೆಚ್ಚಾಯಿತೆ ಎಂದು ನೋಡಲು ಇನ್ನೊಬ್ಬರ ಕೈಗೆ ಫೋನು ಕೊಡುವ ಗತಿ ಯಾರಿಗೂ ಬರಬಾರದು. ಇನ್ನೊಬ್ಬರ ಕೈಗೆ ಫೋನು ಹೋದರೆ ಗುಟ್ಟಿನ ಸಂಖ್ಯೆಯೂ ಹೋದ ಹಾಗೆ.

ಕನ್ನಡದ ಮಟ್ಟಿಗೆ ಇನ್ನೂ ಒಂದು ಕಾರಣವಿದೆ. ಇಂಗ್ಲಿಷಿನದು 26 ಅಕ್ಷರ, ನಮ್ಮ ವರ್ಣಮಾಲೆ 49. ಮೇಲೆ ಗುಣಿತ, ಕೆಳಗೆ ಒತ್ತಕ್ಷರ. ಅಕ್ಷರ ಚಿಕ್ಕದಾದಷ್ಟೂ ಒತ್ತು ಮಸಿ ಚುಕ್ಕಿಯಾಗುತ್ತದೆ, ಕೀಲಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊಲದಲ್ಲಿ ದುಡಿದ ದಪ್ಪ ಬೆರಳು ಒಂದು ಕೀಲಿ ಒತ್ತಿದರೆ ಪಕ್ಕದ್ದೂ ಬೀಳುತ್ತದೆ. ಕನ್ನಡದಲ್ಲೇ ಟೈಪು ಮಾಡಿ ಎಂದು ಹೇಳುವವರು ಕನ್ನಡಕ್ಕೆ ಬೇಕಾದ ಜಾಗವನ್ನೂ ಕೊಡಬೇಕು.

ಇನ್ನು ತೆಳ್ಳಗಿನ ಮಾತು. ದೊಡ್ಡ ಪರದೆ ಕೈಯಲ್ಲಿ ನಿಲ್ಲುತ್ತಿರುವುದೇ ಮೈ ತೆಳ್ಳಗಾದ್ದರಿಂದ. 2003ರ ನೋಕಿಯಾ 1100 ಎಷ್ಟು ಗಟ್ಟಿಯಾಗಿತ್ತೆಂದು ಈಗಲೂ ಕೊಂಡಾಡುತ್ತೇವೆ. ಅದರ ದಪ್ಪ 20 ಮಿಲಿಮೀಟರ್. ಇವತ್ತಿನ 6.7 ಇಂಚಿನ ಫೋನನ್ನು ಅದೇ ದಪ್ಪಕ್ಕೆ ಮಾಡಿದರೆ ತೂಕ ಅರ್ಧ ಕಿಲೋ ಸಮೀಪ ಹೋಗುತ್ತದೆ. ಅಂಗಿ ಜೇಬು ಹರಿಯಬೇಕು ಅಷ್ಟೆ. ಎಸ್25 ಎಡ್ಜ್ ಬರೀ 163 ಗ್ರಾಂ. ಪರದೆ ಬೇಕು, ಭಾರ ಬೇಡ ಎಂದರೆ ಮೈ ತೆಳ್ಳಗಾಗದೆ ಬೇರೆ ದಾರಿಯಿಲ್ಲ.

ತೆಳ್ಳಗಾದರೆ ಚಾರ್ಜು ನಿಲ್ಲುವುದಿಲ್ಲ ಎಂಬುದೂ ಹಳೆಯ ಮಾತಾಗುತ್ತಿದೆ. ಬ್ಯಾಟರಿಯ ಒಂದು ತುದಿಯಲ್ಲಿರುವ ಗ್ರಾಫೈಟ್ ಹೆಚ್ಚೆಂದರೆ ಗ್ರಾಂಗೆ 372 ಎಂಎಎಚ್ ಹಿಡಿಯಬಲ್ಲದು. ಸಿಲಿಕಾನ್ ಅದರ ಒಂಬತ್ತು ಪಟ್ಟಿಗೂ ಹೆಚ್ಚು ಹಿಡಿಯುತ್ತದೆ. ಗ್ರಾಫೈಟಿಗೆ ಸಿಲಿಕಾನ್ ಬೆರೆಸಿದ ಬ್ಯಾಟರಿಯನ್ನು ಹಾನರ್ ಕಂಪನಿ 2023ರಲ್ಲಿ ಫೋನಿಗೆ ತಂದಿತು. ಈಗ ಎಂಟು ಮಿಲಿಮೀಟರ್ ಆಸುಪಾಸಿನ ಫೋನುಗಳಲ್ಲೇ 6,000 ಎಂಎಎಚ್ ಮೀರಿದ ಬ್ಯಾಟರಿ ಬರುತ್ತಿದೆ.

ಕೊನೆಗೆ ಜನರ ತೀರ್ಪು. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ ಇದೇನು ಕಿವಿಗೆ ಹಲಗೆ ಹಿಡಿದಂತೆ ಎಂದು ನಕ್ಕವರು ಬಹಳ. ಇವತ್ತು ಅದು ಸಣ್ಣ ಫೋನು. ಚಿಕ್ಕದು ಬೇಕೆನ್ನುವವರಿಗಾಗಿ ಆ್ಯಪಲ್ 2020 ಮತ್ತು 2021ರಲ್ಲಿ 5.4 ಇಂಚಿನ ಮಿನಿ ಮಾಡಿತು. ಸಾಕಷ್ಟು ಮಾರಾಟವಾಗದೆ 2022ರ ಸಾಲಿನಲ್ಲಿ ಅದನ್ನು ಕೈಬಿಟ್ಟಿತು. ಕೊಳ್ಳುವವರು ಏನು ಬೇಕೆಂದು ಹೇಳಿಯಾಗಿದೆ.

ವಿರೋಧ: ಉದ್ದವನ್ನು ತೋರಿಸಿ ಅಗಲವೆಂದು ಮಾರಬೇಡಿ

ಪರ ವಾದದ ಲೆಕ್ಕ ಸರಿ, ಆದರೆ ಅರ್ಧಕ್ಕೇ ನಿಂತಿದೆ. ಅದನ್ನು ಪೂರ್ತಿ ಮಾಡೋಣ. ಕಂಪನಿಗಳು ಹೇಳುವ ಇಂಚು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. ಕೆಲವು ವರ್ಷ ಹಿಂದಿನ 5.5 ಇಂಚಿನ ಫೋನಿನ ಪರದೆ 16ಕ್ಕೆ 9ರ ಪ್ರಮಾಣದ್ದು. ಅದರ ಅಗಲ 68.5 ಮಿಲಿಮೀಟರ್, ಉದ್ದ 122. ಇವತ್ತಿನ 6.7 ಇಂಚಿನದು 20ಕ್ಕೆ 9ರದ್ದು. ಅಗಲ 69.8, ಉದ್ದ 155. ಇಂಚಿನ ಲೆಕ್ಕದಲ್ಲಿ ಒಂದೂಕಾಲು ಇಂಚಿನಷ್ಟು ಬೆಳೆದ ಪರದೆ ಅಗಲದಲ್ಲಿ ಬೆಳೆದದ್ದು ಬರೀ 1.3 ಮಿಲಿಮೀಟರ್. ಪಹಣಿಯ ಅಕ್ಷರ ದೊಡ್ಡದಾಗಬೇಕಾದರೆ ಅಗಲ ಹೆಚ್ಚಬೇಕು. ಹೆಚ್ಚಿದ್ದು ಉದ್ದ. ಉದ್ದದಿಂದ ಲಾಭ ರೀಲ್ಸ್‌ಗೆ, ಒಂದರ ಕೆಳಗೊಂದು ಬರುವ ಜಾಹೀರಾತಿಗೆ. ಚಾಳೀಸು ಬಂದ ಕಣ್ಣಿಗೆ ಅಂಥದ್ದೇನೂ ಸಿಕ್ಕಿಲ್ಲ.

ಉದ್ದ ಬೆಳೆದದ್ದರ ದಂಡ ಮಾತ್ರ ಕೈ ತೆರಬೇಕು. ಹೊಲದ ಕೆಲಸದಲ್ಲಿ ಒಂದು ಕೈ ಯಾವಾಗಲೂ ಸಿಕ್ಕಿಹಾಕಿಕೊಂಡಿರುತ್ತದೆ. ಹೊಗೆಸೊಪ್ಪು ಕೀಳುವವರ ಕೈಗೆ ಎಲೆಯ ಅಂಟು ಮೆತ್ತಿ ಕಪ್ಪಗಾಗಿರುತ್ತದೆ. ಒಂದು ಬೆರಳನ್ನು ಅಂಗಿಗೆ ಒರೆಸಿಕೊಂಡು ಫೋನು ಮುಟ್ಟಬೇಕು. ಒಂದೇ ಕೈಯಲ್ಲಿ ಹಿಡಿದರೆ ಹೆಬ್ಬೆರಳು ಮೇಲಿನ ಮೂಲೆಗೆ ಮುಟ್ಟುವುದಿಲ್ಲ. ಮುಟ್ಟಿಸಲು ಹೋದರೆ ಫೋನು ಜಾರುತ್ತದೆ. ಅಂಗಿ ಜೇಬಿನಿಂದ ಮೇಲೆ ಇಣುಕುತ್ತಿರುವ ಉದ್ದನೆಯ ಫೋನು ನಾಟಿಗೆ ಬಗ್ಗಿದರೆ ಸೀದಾ ಕೆಸರುಗದ್ದೆಗೆ. ಹೆಣ್ಣುಮಕ್ಕಳ ಉಡುಪಿಗಂತೂ ಜೇಬೇ ಇಲ್ಲ. ಹಿಂದೆ ಸೆರಗಿನ ಗಂಟಿಗೋ ಪುಟ್ಟ ಪರ್ಸಿಗೋ ಸಿಗುತ್ತಿದ್ದ ಫೋನನ್ನು ಈಗ ಕೈಯಲ್ಲೇ ಹಿಡಿದು ತಿರುಗಬೇಕು, ಇಲ್ಲವೆ ಬದುವಿನ ಮೇಲಿಟ್ಟು ಮರೆಯಬೇಕು.

ತೆಳುವಿನ ವಿಷಯದಲ್ಲಿ ಮಾತು ಇನ್ನೂ ನೇರ. ಒಂದೇ ವಸ್ತುವಿನ ಹಲಗೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ಎಂಟು ಮಿಲಿಮೀಟರನ್ನು 5.6ಕ್ಕೆ ಇಳಿಸಿದರೆ ಆ ಶಕ್ತಿ ಮೂರನೇ ಒಂದಕ್ಕೆ ಕುಸಿಯುತ್ತದೆ. 2014ರಲ್ಲಿ 7.1 ಮಿಲಿಮೀಟರಿನ ಐಫೋನ್ 6 ಪ್ಲಸ್ ಪ್ಯಾಂಟಿನ ಜೇಬಿನಲ್ಲೇ ಬಾಗಿದ ಸುದ್ದಿ ಜಗತ್ತೆಲ್ಲ ಓಡಾಡಿತು. ಈಗ ಟೈಟಾನಿಯಂ ಚೌಕಟ್ಟು ಹಾಕಿ ಆ ದೌರ್ಬಲ್ಯ ಮುಚ್ಚುತ್ತಾರೆ, ಅದರ ಬೆಲೆಯನ್ನು ಗಿರಾಕಿ ತೆರುತ್ತಾನೆ. ಐಫೋನ್ ಏರ್ ನಮ್ಮ ದೇಶದಲ್ಲಿ ಬಿಡುಗಡೆಯಾದಾಗ ಬೆಲೆ 1,19,900 ರೂಪಾಯಿ.

ಚಾರ್ಜಿನ ಮಾತು. ಎಸ್25 ಎಡ್ಜ್‌ನ ಬ್ಯಾಟರಿ 3,900 ಎಂಎಎಚ್. ಅದೇ ಕಂಪನಿಯ ಅದೇ ವರ್ಷದ 8.2 ಮಿಲಿಮೀಟರಿನ ಎಸ್25 ಅಲ್ಟ್ರಾದ್ದು 5,000. ಹೊಗೆಸೊಪ್ಪು ಹದ ಮಾಡಲು ಬ್ಯಾರನ್ನಿಗೆ, ಅಂದರೆ ಸೊಪ್ಪು ಒಣಗಿಸುವ ಮನೆಗೆ, ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಶಾಖ ಕಾಯಬೇಕು. ಕರೆಂಟು ಬಂದಾಗ ಸರಿರಾತ್ರಿಯಲ್ಲೂ ಎದ್ದು ಮೋಟಾರು ಹಾಕಲು ಹೋಗಬೇಕು. ಕಾಡಂಚಿನ ಊರಿನಲ್ಲಿ ಆನೆ ಬಂತೆಂದರೆ ಟಾರ್ಚೂ ಫೋನೇ, ಅಕ್ಕಪಕ್ಕದವರಿಗೆ ಕೂಗು ಮುಟ್ಟಿಸುವುದೂ ಅದೇ. ಸಿಗ್ನಲ್ ಕ್ಷೀಣವಿದ್ದಷ್ಟೂ ಟವರನ್ನು ತಲುಪಲು ಫೋನು ಹೆಚ್ಚು ಶಕ್ತಿ ಸುಡುತ್ತದೆ. ಪಟ್ಟಣದಲ್ಲಿ ದಿನ ನಡೆಯುವ ಚಾರ್ಜು ಕಾಡಂಚಿನಲ್ಲಿ ಸಂಜೆಗೇ ಮುಗಿಯುತ್ತದೆ.

ಸಿಲಿಕಾನ್ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಚಾರ್ಜು ಹಿಡಿಯುವಾಗ ಸಿಲಿಕಾನ್ ವಿಪರೀತ ಉಬ್ಬುತ್ತದೆ. ಹಾಗಾಗಿಯೇ ಅದನ್ನು ಸ್ವಲ್ಪ ಮಾತ್ರ ಬೆರೆಸುತ್ತಾರೆ. ಅದರಿಂದ ಸಿಕ್ಕ ಲಾಭವನ್ನು ಒಂದು ದಿನದ ಚಾರ್ಜನ್ನು ಎರಡು ದಿನ ಮಾಡಲು ಬಳಸಲಿ. ಎರಡು ಮಿಲಿಮೀಟರ್ ಕೆತ್ತಲು ಏಕೆ ಬಳಸಬೇಕು?

ತೆಳ್ಳಗಾಗುವ ಹಟದಲ್ಲಿ ಏನೇನು ಹೋಯಿತು ಎಂದು ಎಣಿಸಿ. ಎಷ್ಟೋ ಫೋನುಗಳಲ್ಲಿ ಇಯರ್‌ಫೋನ್ ಚುಚ್ಚುವ ತೂತು ಹೋಯಿತು, ಮೆಮೊರಿ ಕಾರ್ಡಿನ ಜಾಗ ಹೋಯಿತು. ಐಫೋನ್ ಏರ್‌ನಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಎಲ್ಲ ಇ-ಸಿಮ್. ಒಂದು ಕಂಪನಿಯ ಸಿಗ್ನಲ್ ಸಿಗದ ಕಡೆ ಇನ್ನೊಂದರ ಸಿಮ್ ತೆಗೆದು ಹಾಕಿಕೊಳ್ಳುವವರಿಗೆ ಇದು ಯಾವ ಸೌಕರ್ಯ? ನೋಕಿಯಾ 1100ರ ಹಿಂಬದಿ ಬಿಚ್ಚಿ ಬ್ಯಾಟರಿ ಬದಲಿಸಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಈಗ ಬ್ಯಾಟರಿಯನ್ನು ಗೋಂದು ಹಾಕಿ ಕೂರಿಸುತ್ತಾರೆ. ಉಬ್ಬಿದರೆ ಹುಣಸೂರಿನ ರಿಪೇರಿ ಅಂಗಡಿಯವನು ಬಿಸಿ ಮಾಡಿ ಕೀಳಬೇಕು, ಕೀಳುವಾಗ ಡಿಸ್ಪ್ಲೇ ಬಿರಿದರೆ ಹೊಸ ಫೋನೇ ವಾಸಿ ಎನ್ನಿಸುವ ಖರ್ಚು. ಈ ಕಿರಿಕಿರಿ ಬರೀ ನಮ್ಮದಲ್ಲ. ಬಳಕೆದಾರನೇ ಬ್ಯಾಟರಿ ತೆಗೆದು ಹಾಕುವಂತಿರಬೇಕೆಂಬ ಯುರೋಪಿನ ಒಕ್ಕೂಟದ ನಿಯಮ 2027ರ ಫೆಬ್ರವರಿ 18ರಿಂದ ಅನ್ವಯವಾಗುತ್ತದೆ.

ಇನ್ನು ಮಿನಿ ಸೋತ ಕಥೆ. 2020ರ ಐಫೋನ್ 12 ಮಿನಿಗೆ ನಮ್ಮಲ್ಲಿ 69,900 ರೂಪಾಯಿ. ಅಷ್ಟು ಕೊಡಬಲ್ಲವರು ಅದನ್ನು ಕೊಳ್ಳಲಿಲ್ಲ ಎಂಬುದರಿಂದ ಹನಗೋಡಿನವರಿಗೆ ಚಿಕ್ಕ ಫೋನು ಬೇಡ ಎಂದು ತೀರ್ಮಾನಿಸುವುದು ಯಾವ ನ್ಯಾಯ? ಹತ್ತು ಸಾವಿರದ ಆಸುಪಾಸಿನಲ್ಲಿ ಅಂಗಡಿಯವನು ಮುಂದಿಡುವುದೆಲ್ಲ ಆರೂವರೆ ಇಂಚು ಮೀರಿದ್ದೇ. ಬೇರೆಯದು ಇಟ್ಟರೆ ತಾನೆ ಆರಿಸುವುದು? ಜನರ ನಿಜವಾದ ತೀರ್ಪು ಫೋನು ಕೊಂಡ ಮರುಗಳಿಗೆಯಲ್ಲಿ ಕಾಣುತ್ತದೆ. ಕೋಟಿಗಟ್ಟಲೆ ಖರ್ಚು ಮಾಡಿ ಕಂಪನಿ ಕೆತ್ತಿ ತೆಗೆದ ದಪ್ಪವನ್ನು ಗಿರಾಕಿ ನೂರೈವತ್ತು ರೂಪಾಯಿಯ ರಬ್ಬರ್ ಬ್ಯಾಕ್ ಕವರ್ ಹಾಕಿಸಿ ವಾಪಸು ತಂದುಕೊಳ್ಳುತ್ತಾನೆ.

ತೀರ್ಪು

ದೊಡ್ಡ ಪರದೆ, ತೆಳು ಮೈ ಎಂದು ಜಾಹೀರಾತು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದೇ ಗೊಂದಲಕ್ಕೆ ಮೂಲ. ಇವೆರಡು ಬೇರೆ ಬೇರೆ ಪ್ರಶ್ನೆಗಳು. ಕಣ್ಣಿಗೆ ಕಾಣುವಷ್ಟು ಅಗಲ ಬೇಕು, ಅದರಲ್ಲಿ ಪರ ವಾದ ಗೆದ್ದಿದೆ. ಆದರೆ ಕೈ ಹಿಡಿಯಬಲ್ಲ ಅಗಲ ಬಹಳ ಹಿಂದೆಯೇ ಬಂದಾಗಿದೆ. ಇನ್ನು ಬೆಳೆಯಲು ಉಳಿದಿರುವುದು ಉದ್ದ ಮಾತ್ರ. ತೆಳುವಿನ ವಿಷಯದಲ್ಲಿ ವಿರೋಧ ವಾದಕ್ಕೇ ಜಯ. ಎಂಟು ಮಿಲಿಮೀಟರಿನ ಕೆಳಗೆ ಇಳಿಸಿದ್ದೆಲ್ಲ ಕೊಳ್ಳುವವರ ಚಾರ್ಜಿನಿಂದ, ರಿಪೇರಿಯಿಂದ ಕದ್ದದ್ದು.

ಹೊಸ ಫೋನು ಕೊಳ್ಳುವವರು ಇಂಚು, ಮಿಲಿಮೀಟರ್ ಕೇಳುವ ಮೊದಲು ಅಂಗಡಿಯ ಹೊರಗೆ ಬಿಸಿಲಿಗೆ ಬಂದು ಪರದೆ ಕಾಣುತ್ತದೆಯೇ ನೋಡಿ. ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳು ಎಲ್ಲಿಯವರೆಗೆ ಮುಟ್ಟುತ್ತದೆ ನೋಡಿ. ಡಿಸ್ಪ್ಲೇ ಒಡೆದರೆ, ಬ್ಯಾಟರಿ ಸತ್ತರೆ ಎಷ್ಟಾಗುತ್ತದೆ ಎಂದು ಅಲ್ಲೇ ಕೇಳಿ. ಇನ್ನೊಂದು ಮಾತು ಸರ್ಕಾರಕ್ಕೆ. ಎ4 ಹಾಳೆಗೆಂದು ಮಾಡಿದ ಪಹಣಿ, ಖಾತೆ, ಅರ್ಜಿಗಳನ್ನು ಹಾಗೇ ಫೋನಿಗೆ ತುರುಕಿದ್ದರಿಂದಲೇ ಎಷ್ಟು ದೊಡ್ಡ ಪರದೆಯೂ ಸಾಲದಾಗಿದೆ. 70 ಮಿಲಿಮೀಟರ್ ಅಗಲದಲ್ಲಿ ಕನ್ನಡಕವಿಲ್ಲದೆ ಓದಲಾಗುವಂತೆ ಆ ಪುಟಗಳನ್ನು ಹೊಸದಾಗಿ ಮಾಡಿಕೊಡಿ. ಅದಕ್ಕೆ ಯಾರೂ ಹೊಸ ಫೋನು ಕೊಳ್ಳಬೇಕಾಗಿಲ್ಲ.