ಹಿತ್ತಲ ಹೂವೂ ಊಟದ ಎಡೆಯೂ

ಹೂವೆಂದೊಡನೆ ನಮಗೆ ಪೂಜೆಯೂ ಮುಡಿಯೂ ನೆನಪಾಗುತ್ತವೆ. ಅಡುಗೆ ನೆನಪಾಗುವುದು ವಿರಳ. ಆದರೆ ನಮ್ಮ ಹಿರಿಯ ತಾಯಂದಿರು ನುಗ್ಗೆಯ ಹೂವಿನಿಂದಲೂ ಬಾಳೆಯ ಹೂವಿನಿಂದಲೂ ಪಲ್ಯ ಮಾಡುತ್ತಿದ್ದರು. ಗೊನೆ ಕಡಿದ ಮೇಲೆ ಬಾಳೆಯ ದಿಂಡನ್ನೂ ಬಿಸುಡುತ್ತಿರಲಿಲ್ಲ.

ಕುಂಬಳದ ಹೂವನ್ನು ಬಿಡಿಸುವುದರಲ್ಲಿಯೂ ಒಂದು ವಿವೇಕವಿದೆ. ಉದ್ದನೆಯ ತೆಳು ತೊಟ್ಟಿನದು ಗಂಡು ಹೂವು. ಬುಡದಲ್ಲಿ ಪುಟ್ಟ ಕಾಯಿಯನ್ನು ಹೊತ್ತಿರುವುದು ಹೆಣ್ಣು. ಅಡುಗೆಗೆ ಗಂಡು ಹೂವನ್ನೇ ಬಿಡಿಸಿ, ಪರಾಗಸ್ಪರ್ಶಕ್ಕೆಂದು ಕೆಲವನ್ನು ಬಳ್ಳಿಯಲ್ಲಿ ಉಳಿಸಬೇಕು. ಆಗ ಹೂವಿನ ಬಜ್ಜಿಯೂ ದೊರೆಯುತ್ತದೆ, ಕಾಯಿಯೂ ಉಳಿಯುತ್ತದೆ.

ಆದರೆ ಪೂಜೆಗೆ ಸಲ್ಲುವ ಹೂವೆಲ್ಲ ಊಟಕ್ಕೆ ಸಲ್ಲುವುದಿಲ್ಲ. ಕಣಗಿಲೆಯ ಹೂವು, ಎಲೆ, ಬೀಜ ಎಲ್ಲವೂ ವಿಷ. ಬೇಯಿಸಿದರೂ ಆ ವಿಷ ಹೋಗದು; ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮಕ್ಕಳು ಅರಿಯದೆ ತಿಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮಾರುಕಟ್ಟೆಯ ಪೂಜಾಪುಷ್ಪಗಳಿಗೆ ಕೀಟನಾಶಕ ಸಿಂಪಡಿಸಿರುವ ಸಂಭವವುಂಟು. ಅವನ್ನೂ ಅಡುಗೆಗೆ ಬಳಸಬಾರದು.

ಆದ್ದರಿಂದ ಸದ್ಭಕ್ತ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮನೆಯ ಹಿರಿಯರು ಮೊಮ್ಮಕ್ಕಳನ್ನು ಒಮ್ಮೆ ಹಿತ್ತಲಿಗೆ ಕರೆದೊಯ್ದು, ತಿನ್ನುವ ಹೂವಿನೊಡನೆ ತಿನ್ನಬಾರದ ಹೂವನ್ನೂ ಬೆರಳಿಟ್ಟು ತೋರಿಸಲಿ. ಈ ಅರಿವು ಹಿರಿಯರೊಡನೆಯೇ ಮರೆಯಾಗಿ ಹೋಗಬಾರದು.