ಧರ್ಮಪುರಿಯ ಪರದೇಶಿ

‘ಪರದೇಶಿ’ ಎಂಬ ಶಬ್ದಕ್ಕೆ ನಿಘಂಟಿನಲ್ಲಿ ಒಂದು ಅರ್ಥ, ಬೀದಿಯಲ್ಲಿ ಇನ್ನೊಂದು. ಬೇರೆ ದೇಶದವನು ಎಂಬುದು ಮೊದಲನೆಯದು. ಹೇಳುವವರು ಕೇಳುವವರು ಇಲ್ಲದವನು ಎಂಬುದು ಎರಡನೆಯದು. ತಮಿಳಿನಲ್ಲಿಯೂ ಈ ಶಬ್ದವುಂಟು; ಅಲ್ಲಿ ಅದು ಊರೂರು ಅಲೆಯುವ ಭಿಕ್ಷುಕನನ್ನು ಸೂಚಿಸುತ್ತದೆ. ಹೊರನಾಡಿನವನನ್ನೂ ಗತಿಯಿಲ್ಲದವನನ್ನೂ ಎರಡು ಭಾಷೆಗಳ ಜನ ಒಂದೇ ಹೆಸರಿನಿಂದ ಕರೆದಿದ್ದಾರೆಂದರೆ, ಪರಊರಿನಲ್ಲಿ ಬಾಳಿದವರ ಅನುಭವವೇ ಆ ಶಬ್ದದೊಳಗೆ ಇಳಿದಿರಬೇಕು.

ಕಳೆದ ಜೂನ್ ತಿಂಗಳಿನಲ್ಲಿ ಜಮೀನಿನ ದಾಖಲೆಯೊಂದರ ಕೆಲಸಕ್ಕಾಗಿ ಕಾವೇರಿಯ ಕಡೆಯ ಊರಿನಿಂದ ತಾಯಿಯೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಕಾಗದಪತ್ರಗಳ ಮಾತು ಮುಗಿದ ಮೇಲೂ ಏಳಲಿಲ್ಲ. ಅವರ ಮಗ ಐದನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಆರನೆಯದಕ್ಕೆ ತಮಿಳು ಮಾಧ್ಯಮದ ಶಾಲೆಗೆ ಸೇರಿದ್ದ.

“ಲಾಯರಣ್ಣಾ, ಹುಡುಗ ಅಲ್ಲಿ ಪರದೇಶಿ ಥರ ಕೂತಿದ್ದು ಬರ್ತಾನೆ. ಮನೇಲಿ ಮಾತೇ ಇಲ್ಲ. ಮೊದಲೇ ಅಲ್ಲಿಗೆ ಹಾಕಿದ್ರೆ ಆಗ್ತಿತ್ತೇನೋ. ಚಿಕ್ಕವಳನ್ನಾದರೂ ಕನ್ನಡ ಸ್ಕೂಲಿಂದ ಬಿಡಿಸಿಬಿಡ್ಲಾ?” ಎಂದು ಕೇಳಿದರು.

ಇಂಥ ಪ್ರಶ್ನೆಗೆ ಕಾನೂನಿನ ಪುಸ್ತಕದಿಂದ ತಟಕ್ಕನೆ ಉತ್ತರ ಕೊಡಬಹುದು. ಆದರೆ ಅದು ಆ ತಾಯಿಯ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಕಳುಹಿಸಿದೆ. ಆ ರಾತ್ರಿ ನನಗೆ ನೆನಪಾದವನು ಇದೇ ಧರ್ಮಪುರಿಯಲ್ಲಿ ಏಳು ವರ್ಷ ಬಾಳಿದ, ಎಲ್ಲ ಅರ್ಥದಲ್ಲಿಯೂ ಪರದೇಶಿಯಾಗಿದ್ದ, ಒಬ್ಬ ಸ್ಕಾಟ್ಲೆಂಡಿನವನು.

ಥಾಮಸ್ ಮನ್ರೋ ಎಂಬ ಹೆಸರು ನಮ್ಮ ಮನೆಗಳಿಗೆ ಹೊಸದಲ್ಲ. ಮಂತ್ರಾಲಯದ ಮಠದ ಭೂಮಿಯ ವಿಚಾರಣೆಗೆಂದು ಬಂದ ಕಲೆಕ್ಟರನಿಗೆ ಬೃಂದಾವನದಿಂದ ರಾಯರು ಮಾತನಾಡಿದರೆಂಬ ಐತಿಹ್ಯವನ್ನು ಅಜ್ಜಿಯ ಬಾಯಿಂದ ಕೇಳದವರು ವಿರಳ. ಆ ಮನ್ರೋ ಸಾಹೇಬನೇ ಈತ. ಆದರೆ ಮಂತ್ರಾಲಯಕ್ಕೆ ಬರುವ ಮೊದಲು ಅವನು ನಮ್ಮವನಾಗಿದ್ದನೆಂಬುದು ನಮ್ಮ ಜಿಲ್ಲೆಯಲ್ಲಿಯೇ ಅನೇಕರಿಗೆ ತಿಳಿಯದು.

1761ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿದವನು. ತಂದೆ ಅಮೆರಿಕದ ವರ್ಜೀನಿಯಾದೊಡನೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದು, ಅಲ್ಲಿನ ಸ್ವಾತಂತ್ರ್ಯಯುದ್ಧದಿಂದಾಗಿ ದಿವಾಳಿಯಾದರು. ಮನೆಯ ಕಷ್ಟಕ್ಕೆ ಮಗ ಕಂಪನಿಯ ಸೈನ್ಯಕ್ಕೆ ಸೇರಿ 1780ರ ಜನವರಿಯಲ್ಲಿ ಮದರಾಸಿನ ದಡದಲ್ಲಿ ಇಳಿದನು. ಆಗ ಅವನಿಗೆ ಹದಿನೆಂಟು ವರ್ಷ. ಇಳಿದೊಡನೆ ಗಂಭೀರ ಮುಖದ ಹಿರಿಯನೊಬ್ಬ ಹಳೆಯ ದೊರೆಗಳ ಪ್ರಶಂಸಾಪತ್ರಗಳನ್ನು ಹಿಡಿದು ಸೇವಕನಾಗಿ ಬಂದನಂತೆ. ‘ನೀವು ತಂದ ಉಡುಪು ಈ ದೇಶಕ್ಕೆ ಒಗ್ಗದು, ಇಲ್ಲಿ ಬಿಳಿಯ ಬಟ್ಟೆಯೇ ಆಗಬೇಕು, ನಾನು ಎಲ್ಲವನ್ನೂ ಸರಿಪಡಿಸುತ್ತೇನೆ’ ಎಂದು ನಂಬಿಸಿ, ಬಟ್ಟೆಗಳನ್ನೂ ಹಣವನ್ನೂ ಕೊಂಡೊಯ್ದವನು ಮರಳಿ ಬರಲಿಲ್ಲ. ಹುಡುಗ ಈ ಪ್ರಸಂಗವನ್ನು ತಾಯಿಗೆ ಕಾಗದದಲ್ಲಿ ಬರೆದು ತಿಳಿಸಿದ. ಮೊದಲ ಸಲ ಬೆಂಗಳೂರಿಗೋ ತಿರುಪ್ಪೂರಿಗೋ ಕೆಲಸಕ್ಕೆ ಹೋಗಿ ಬಸ್ ನಿಲ್ದಾಣದಲ್ಲಿಯೇ ಪೆಟ್ಟಿಗೆ ಕಳೆದುಕೊಂಡ ನಮ್ಮ ಊರಿನ ಹುಡುಗರನ್ನು ಬಲ್ಲವರಿಗೆ ಈ ಕಾಗದ ಪರಕೀಯವೆನಿಸದು.

ಒಂಬತ್ತು ವರ್ಷಗಳ ನಂತರ ತಂಗಿಗೆ ಬರೆದ ಕಾಗದ ಇನ್ನೂ ಸ್ವಾರಸ್ಯದ್ದು. ಭಾರತಕ್ಕೆ ಹೋದವರೆಲ್ಲ ಸಿರಿವಂತರಾಗುತ್ತಾರೆಂದು ಅಲ್ಲಿನವರ ಎಣಿಕೆ. ಇವನಾದರೋ, ಹಸಿವು ಬಾಯಾರಿಕೆ ಬಡತನಗಳನ್ನು ತಾನು ಮೊದಲು ಕಂಡದ್ದೇ ಇಲ್ಲಿಗೆ ಬಂದ ಮೇಲೆ ಎನ್ನುತ್ತಾನೆ. ಮೂರು ವರ್ಷ ಅವನಿಗೆ ತಲೆದಿಂಬಿರಲಿಲ್ಲ. ಪುಸ್ತಕವನ್ನೋ ಮದ್ದುಗುಂಡಿನ ಚೀಲವನ್ನೋ ತಲೆಯ ಕೆಳಗಿಟ್ಟು ಮಲಗುತ್ತಿದ್ದ. ನಾಲ್ಕು ಕೋಲುಗಳ ಮೇಲೆ ಬಿಗಿದ ಒರಟು ಬಟ್ಟೆಯೇ ಹಾಸಿಗೆ. ಚಳಿಗಾಲದಲ್ಲಿ ಊರಿನಿಂದ ತಂದ ದೊಡ್ಡ ಕೋಟಿನ ತೋಳುಗಳಲ್ಲಿ ಕಾಲುಗಳನ್ನು ತೂರಿಸಿ, ಉಳಿದುದನ್ನು ತಲೆಯ ಮೇಲೆ ಎಳೆದುಕೊಂಡು ಹೊದಿಕೆ ಮಾಡಿಕೊಳ್ಳುತ್ತಿದ್ದನಂತೆ. ಈ ಸ್ಥಿತಿಯಲ್ಲಿಯೂ ಅವನು ಪಾರಸಿ, ಹಿಂದೂಸ್ತಾನಿ ಭಾಷೆಗಳನ್ನು ಕಲಿತನು. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ತಂದೆಗೆ ಹಣ ಕಳುಹಿಸುವುದನ್ನೂ ಮರೆಯಲಿಲ್ಲ.

ಅವನ ಬಾಳು ತಿರುಗಿದ್ದು ಈ ಭಾಷಾಜ್ಞಾನದಿಂದಲೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪೂ ಸುಲ್ತಾನನು ಬಾರಾಮಹಲನ್ನು, ಎಂದರೆ ನಮ್ಮ ಇಂದಿನ ಧರ್ಮಪುರಿ ಕೃಷ್ಣಗಿರಿಗಳ ಬಯಲನ್ನು, ಕಂಪನಿಗೆ ಬಿಟ್ಟುಕೊಡಬೇಕಾಯಿತು. (ಹೊಸೂರು, ಡೆಂಕಣಿಕೋಟೆಗಳ ಬಾಲಾಘಾಟ್ ಭಾಗ ಮಾತ್ರ 1799ರವರೆಗೂ ಮೈಸೂರಿನದೇ ಆಗಿತ್ತು.) ಹೊಸ ನಾಡನ್ನು ನೋಡಿಕೊಳ್ಳಲು ಗವರ್ನರ್ ಜನರಲ್ ಕಾರ್ನ್‌ವಾಲಿಸನು ಮದರಾಸಿನ ಸಿವಿಲ್ ಅಧಿಕಾರಿಗಳನ್ನು ಬಿಟ್ಟು ಸೈನಿಕರನ್ನು ಆರಿಸಿದನು. ಸಿವಿಲ್ ಅಧಿಕಾರಿಗಳಿಗೆ ದೇಶಭಾಷೆಗಳು ಬಾರವು ಎಂಬುದೇ ಅದಕ್ಕೆ ಕಾರಣ. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಮುಖ್ಯಸ್ಥನಾದನು. ಗ್ರಹಾಂ, ಮೆಕ್ಲಿಯಡ್, ಮನ್ರೋ ಎಂಬ ಮೂವರು ಸಹಾಯಕರಾದರು. ಮನ್ರೋನ ಪಾಲಿಗೆ ಧರ್ಮಪುರಿಯ ಭಾಗ ಬಂದಿತು.

ಅಲ್ಲಿಂದ 1799ರವರೆಗೆ ಅವನ ದಿನಚರಿ ಡೇರೆಯದು. ಹಳ್ಳಿಯಿಂದ ಹಳ್ಳಿಗೆ ಹೋಗುವುದು, ಹೊಲಗಳನ್ನು ಅಳೆಯಿಸುವುದು, ಯಾವ ಹೊಲ ಯಾರದು, ಏನು ಬೆಳೆಯುತ್ತದೆ, ಎಷ್ಟು ಕಂದಾಯ ತಾಳಬಲ್ಲುದು ಎಂದು ಒಬ್ಬೊಬ್ಬ ರೈತನನ್ನೂ ಕೇಳುವುದು. ಡೇರೆಯ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಜನ. ಗಡಿ ಒತ್ತುವರಿ, ನೀರಿನ ಜಗಳ, ಗೌಡನ ಮೇಲಿನ ದೂರು, ಎಲ್ಲವೂ ಅಲ್ಲಿಗೇ. ರೀಡ್ ಮತ್ತು ಅವನ ಸಹಾಯಕರು ಇಲ್ಲಿ ನಡೆಸಿದ ಈ ಪ್ರಯೋಗವೇ ಮುಂದೆ ರೈತವಾರಿ ಎಂದು ಹೆಸರಾಗಿ ಮದರಾಸು ಪ್ರಾಂತದ ಬಹುಭಾಗಕ್ಕೆ ಹರಡಿತು. ಜಮೀನುದಾರನ ಮಧ್ಯಸ್ಥಿಕೆಯಿಲ್ಲದೆ ರೈತನ ಹೆಸರಿಗೇ ಪಟ್ಟಾ ಎಂಬುದು ಅದರ ತಿರುಳು. ನಮ್ಮ ಕಕ್ಷಿದಾರರು ಮಡಿಚಿ ಮಡಿಚಿ ಹರಿದ ಪಟ್ಟಾ ಕಾಗದವನ್ನು ಮೇಜಿನ ಮೇಲೆ ಇಡುವಾಗ ಅದರ ವಂಶವೃಕ್ಷದ ಬೇರು ಧರ್ಮಪುರಿಯ ಆ ಡೇರೆಯಲ್ಲಿದೆ ಎಂದು ನನಗೆ ಅನಿಸುವುದುಂಟು.

ಧರ್ಮಪುರಿಯಲ್ಲಿ ಮನ್ರೋ ಒಂದು ಮನೆಯನ್ನೂ ಅದರ ಸುತ್ತ ಒಂದು ತೋಟವನ್ನೂ ಮಾಡಿಕೊಂಡಿದ್ದನು. ಆ ತೋಟದ ಮೇಲೆ ಅವನಿಗೆ ಅಪಾರ ಪ್ರೀತಿ. 1799ರಲ್ಲಿ ಅವನನ್ನು ಕೆನರಾ ಪ್ರಾಂತಕ್ಕೆ, ಎಂದರೆ ಮಂಗಳೂರು ಕಾರವಾರಗಳ ಕಡೆಗೆ, ಕಳುಹಿಸಿದಾಗ ಮನಸ್ಸಿಲ್ಲದೆ ಹೋದನು. ಅಲ್ಲಿನ ಬಿಡದ ಮಳೆ ಅವನಿಗೆ ಬೇಸರ ತಂದಿತು. ಬಾರಾಮಹಲಿನ ಬೆಟ್ಟಗಳನ್ನೂ ಬಿಸಿಲನ್ನೂ ತನ್ನ ತೋಟವನ್ನೂ ಕಾಗದಗಳಲ್ಲಿ ಹಂಬಲಿಸಿ ನೆನೆದನು. ವರ್ಗಾವಣೆ ಬೇಡಿ ಮರುವರ್ಷವೇ ಅಲ್ಲಿಂದ ಹೊರಟನು. ಕಡಲತೀರದ ಓದುಗರು ಮುನಿಯಬಾರದು. ಸ್ಕಾಟ್ಲೆಂಡಿನ ಮಳೆಯಲ್ಲಿ ಬೆಳೆದವನಿಗೆ ತೊಪ್ಪೂರು ಕಣಿವೆಯ ಈಚೆಯ ನಮ್ಮ ಒಣ ಬಯಲು ‘ಮನೆ’ಯಾದದ್ದೂ, ಹಸುರು ಕೆನರಾ ‘ಪರದೇಶ’ವಾದದ್ದೂ ಅಚ್ಚರಿಯೇ ಸರಿ. ಏಳು ವರ್ಷ ಎದುರು ಕುಳಿತು ಮಾತು ಕೇಳಿದ ನೆಲ ಇದು. ಹೆಸರು ಹಿಡಿದು ಕರೆಯಬಲ್ಲ ಜನ ಅವನಿಗೆ ಇದ್ದದ್ದು ಇಲ್ಲಿ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯವಾದೀತು. ಮನ್ರೋ ಅತಿಥಿಯಾಗಿ ಬಂದವನಲ್ಲ, ಗೆದ್ದವರ ಪರವಾಗಿ ಕಂದಾಯ ವಸೂಲಿಗೆ ಕುಳಿತವನು. ಕಂದಾಯ ಭಾರವಾಯಿತೆಂದು ಅವನಿಗೇ ಮುಂದೆ ತಿಳಿಯಿತು. ಬಳ್ಳಾರಿ ಕಡಪಗಳ ಕಡೆಯ ದತ್ತ ಜಿಲ್ಲೆಗಳಲ್ಲಿ ನಾಲ್ಕರಲ್ಲೊಂದು ಪಾಲು ಇಳಿಸಬೇಕೆಂದು 1807ರಲ್ಲಿ ಅವನು ಮಾಡಿದ ಶಿಫಾರಸು, ಅವನೇ 1820ರಲ್ಲಿ ಮದರಾಸಿನ ಗವರ್ನರನಾದ ಮೇಲೆ ಜಾರಿಗೆ ಬಂದಿತು. ಅವನ ಹಿಂದೆ ಸೈನ್ಯವಿತ್ತು. ಅವನು ತಪ್ಪು ಮಾತನಾಡಿದರೆ ನಗುವ ಧೈರ್ಯ ಎದುರು ನಿಂತ ರೈತನಿಗಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತ ಆರನೆಯ ತರಗತಿಯ ಹುಡುಗನ ಮುಂದೆ ನಲವತ್ತು ಮಂದಿ ನಗುವವರಿದ್ದಾರೆ. ಪರದೇಶಿತನದಲ್ಲಿಯೂ ಮೇಲು ಕೀಳು ಉಂಟು. ಅಧಿಕಾರವಿದ್ದವನಿಗೆ ಭಾಷೆ ಬಾರದಿದ್ದರೆ ದುಭಾಷಿ ಬರುತ್ತಾನೆ, ಇಲ್ಲದವನಿಗೆ ಅಡ್ಡಹೆಸರು ಬರುತ್ತದೆ.

ಆದರೂ ಮನ್ರೋನ ಕಡತಗಳಲ್ಲಿ ಆ ತಾಯಿಯ ಪ್ರಶ್ನೆಗೆ ನೇರವಾಗಿ ತಾಗುವ ಒಂದು ಕಡತವುಂಟು. ಗವರ್ನರನಾಗಿದ್ದಾಗ 1822ರ ಜೂನ್ ತಿಂಗಳಿನಲ್ಲಿ ಅವನು ಎಲ್ಲ ಕಲೆಕ್ಟರುಗಳಿಗೂ ಒಂದು ವಿಷಯ ಕೇಳಿದನು: ನಿಮ್ಮ ಜಿಲ್ಲೆಯಲ್ಲಿ ಜನರೇ ನಡೆಸುವ ಶಾಲೆಗಳೆಷ್ಟು, ಓದುವವರೆಷ್ಟು? ಉತ್ತರಗಳೆಲ್ಲ ಬಂದ ಮೇಲೆ 1826ರಲ್ಲಿ ಕೂಡಿಸಿದಾಗ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು ಎಂಬ ಲೆಕ್ಕ ದೊರೆಯಿತು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್ಬೆಲ್ ಕಳುಹಿಸಿದ ವರದಿ ಇವುಗಳಲ್ಲಿ ಹೆಸರಾದದ್ದು. ಇಂದಿನ ಅನಂತಪುರವೂ ಸೇರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಕನ್ನಡದವು 235, ತೆಲುಗಿನವು 226, ಮರಾಠಿ 23, ಪಾರಸಿ 21, ಸಂಸ್ಕೃತ 23, ಇಂಗ್ಲಿಷ್ 1. ಉಳಿದ 4 ತಮಿಳು ಶಾಲೆಗಳು.

ಬಳ್ಳಾರಿ ಸೀಮೆಯಲ್ಲಿ, ಇನ್ನೂರು ವರ್ಷಗಳ ಹಿಂದೆ, ನಾಲ್ಕು ತಮಿಳು ಶಾಲೆಗಳು! ಕನ್ನಡ ತೆಲುಗುಗಳ ನಡುವೆ ನೆಲೆಸಿದ ತಮಿಳು ಮನೆಗಳವರು ತಮ್ಮ ಮಕ್ಕಳ ಅಕ್ಷರಕ್ಕಾಗಿ ಮಾಡಿಕೊಂಡ ಏರ್ಪಾಡು ಅದು. ಆ ಮಕ್ಕಳು ಸಂತೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿರಬೇಕು, ಮನೆಗೆ ಬಂದು ತಮಿಳಿನಲ್ಲಿ ಊಟ ಕೇಳಿರಬೇಕು. ಇಂದು ನಮ್ಮ ಮಕ್ಕಳು ಮಾಡುವುದನ್ನೇ ಅವರು ಅದಲು ಬದಲಾಗಿ ಮಾಡಿದರು. ನಮ್ಮ ಧರ್ಮಪುರಿಯ ನೆಲವೂ ಹೀಗೆಯೇ. ತಗಡೂರಿನ ಅದಿಯಮಾನನ ಕೀರ್ತಿಯನ್ನು ತಮಿಳು ಹಾಡಿದೆ. ಒಂಬತ್ತನೆಯ ಶತಮಾನದ ನೊಳಂಬ ಅರಸರು ಇದೇ ಊರಿನಲ್ಲಿ ಕನ್ನಡದಲ್ಲಿ ಶಾಸನ ಬರೆಸಿದ್ದಾರೆ. ಇಲ್ಲಿ ಯಾವ ಮಗುವನ್ನಾದರೂ ಪರದೇಶಿ ಎನ್ನುವವರು ಶಾಸನಗಳೊಡನೆ ವಾದಿಸಬೇಕಾಗುತ್ತದೆ.

ಮರುವಾರ ಆ ತಾಯಿ ಬಂದಾಗ ಕಾನೂನಿನ ಮಾತನ್ನೂ ಹೇಳಿದೆ. ಓದುಗರ ಉಪಯೋಗಕ್ಕಾಗಿ ಇಲ್ಲಿಯೂ ಬರೆಯುತ್ತೇನೆ. ಸಂವಿಧಾನದ 350ಎ ವಿಧಿ 1956ರಲ್ಲಿ ಸೇರಿದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. 350ನೆಯ ವಿಧಿಯಂತೆ ತನ್ನ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಇತ್ತ 2006ರ ತಮಿಳು ಕಲಿಕೆ ಕಾಯಿದೆಯಿಂದಾಗಿ ತಮಿಳು ಒಂದನೆಯ ತರಗತಿಯಿಂದಲೇ ಕಡ್ಡಾಯ ವಿಷಯವಾಗಿದೆ. ಆದುದರಿಂದ ಕನ್ನಡ ಶಾಲೆಗೆ ಹೋದ ಮಗುವಿಗೆ ತಮಿಳು ಅಕ್ಷರ ಬಾರದು ಎಂಬ ಭಯ ಬೇಡ.

ಹುಡುಗನ ತೊಡಕು ಅಕ್ಷರದ್ದಲ್ಲ ಎಂಬುದು ಎರಡು ಮಾತಿಗೇ ತಿಳಿಯಿತು. ಅವನು ತಮಿಳು ಓದಬಲ್ಲ. ಗುಣಾಕಾರಕ್ಕೆ, ಭಾಗಾಕಾರಕ್ಕೆ, ಎಲೆಯ ಹಸುರಿಗೆ ಅಲ್ಲಿ ಬೇರೆ ಹೆಸರುಗಳು. ಗೊತ್ತಿದ್ದ ಲೆಕ್ಕವೇ ಗೊತ್ತಿಲ್ಲದಂತಾಗಿ ಬಾಯಿ ಕಟ್ಟಿತ್ತು. ಮಾತಿನ ರಾಗಕ್ಕೆ ಮಕ್ಕಳು ನಗುತ್ತಿದ್ದರು. ಇದು ಮೊದಲ ಆರು ತಿಂಗಳ ಕಾಯಿಲೆ, ಕನ್ನಡ ಶಾಲೆಯ ಕಾಯಿಲೆಯಲ್ಲ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಅವನಿಗೆ ಬಂದದ್ದು ಕನ್ನಡದಲ್ಲಿ ಚೆನ್ನಾಗಿ ತಿಳಿದುದರಿಂದಲೇ; ಈಗ ಬೇಕಾದದ್ದು ಹೆಸರುಗಳಷ್ಟೇ. ಎರಡು ಭಾಷೆಯ ಪಾರಿಭಾಷಿಕ ಶಬ್ದಗಳನ್ನು ಒಂದು ನೋಟುಪುಸ್ತಕದಲ್ಲಿ ಎದುರುಬದುರು ಬರೆಸಿರಿ, ತರಗತಿಯ ಟೀಚರನ್ನು ಕಂಡು ಮುಂದಿನ ಸಾಲಿನಲ್ಲಿ ಕೂರಿಸಲು ಕೇಳಿರಿ, ಚಿಕ್ಕವಳನ್ನು ಇದ್ದಲ್ಲಿಂದ ಕದಲಿಸಬೇಡಿ ಎಂದೆ. ಅವರು ಒಪ್ಪಿದರೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ.

ಹೋದ ವಾರ ದಾಖಲೆಯ ನಕಲು ಪಡೆಯಲು ಬಂದಾಗ ಹುಡುಗನೂ ಜೊತೆಯಲ್ಲಿದ್ದನು. ಕೈಯಲ್ಲಿ ನೋಟುಪುಸ್ತಕ. ಅದರ ಹಿಂಬದಿಯಲ್ಲಿ ಅವನದೇ ಇನ್ನೊಂದು ಪಟ್ಟಿ ಬೆಳೆದಿತ್ತು. ಶಾಲೆಯಲ್ಲಿ ಯಾರೋ ‘ಒಗೇನಕ್ಕಲ್’ ಎಂದರೇನು ಎಂದು ಕೇಳಿದರಂತೆ. ಇವನು ಎದ್ದು, ಅದು ಹೊಗೆಯ ಕಲ್ಲು, ನೀರು ಬಿದ್ದು ಹೊಗೆಯಂತೆ ಏಳುತ್ತದೆ, ನಿಮ್ಮ ‘ಪುಗೈ’ಯೇ ನಮ್ಮ ‘ಹೊಗೆ’ ಎಂದನಂತೆ. ಅಂದಿನಿಂದ ಪಕ್ಕದ ಹುಡುಗನೂ ಇವನೂ ಸೇರಿ ಬರೆಯುತ್ತಿದ್ದಾರೆ: ಪಾಲ್, ಹಾಲು, ಪುಲಿ, ಹುಲಿ, ಪೂ, ಹೂ, ಪಲ್, ಹಲ್ಲು, ಪಾಂಬು, ಹಾವು.

“ಲಾಯರ್ ಮಾಮ, ಪ ಹೋಗಿ ಹ ಬಂತು, ಸರಿ. ಆದರೆ ಪಳಂ ಹೇಗೆ ಹಣ್ಣು ಆಯ್ತು? ಉಳಿದಿದ್ದು ಎಲ್ಲಿ ಹೋಯ್ತು?” ಎಂದು ಕೇಳಿದ.

“ಸಾಕು ಬಾರೋ, ಅವರಿಗೆ ಕೆಲಸ ಇದೆ” ಎಂದರು ತಾಯಿ.

ಹಳೆಯ ಶಾಲೆಯ ಕನ್ನಡ ಮೇಷ್ಟರನ್ನು ಕೇಳು ಎಂದೆ. ಸಂಜೆ ತಂಗಿಯನ್ನು ಕರೆತರಲು ಹೇಗೂ ಅಲ್ಲಿಗೇ ಹೋಗುವುದಿದೆ, ಆಗ ಕೇಳುತ್ತೇನೆ ಎಂದು ಹೇಳಿ ನೋಟುಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡನು.